ಹತ್ತರಲ್ಲಿ ಎಂಟು ಸಲ

ಆ ಮಗುವಿನ ಸಹಾಯಕಿಗೆ ಕತ್ತರಿ ಬೀಳುವಂತೆ ಮಾಡಿದವಳು ನಾನೇ. ಶಿಕ್ಷಣ ಕಚೇರಿಯವರನ್ನು ಬೈಯುವ ಮೊದಲು ಇಷ್ಟನ್ನು ಒಪ್ಪಿಕೊಂಡುಬಿಡುತ್ತೇನೆ. ಬೈಯುವುದಂತೂ ಇದ್ದೇ ಇದೆ, ಅದನ್ನು ಯಾರೂ ತಪ್ಪಿಸಲಾರರು.

ನಾನು ವಿಶೇಷ ಶಿಕ್ಷಣದ ಟೀಚರು. ಇಪ್ಪತ್ತೆರಡು ವರ್ಷದಿಂದ ಶಾಲೆಯ ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿದ್ದೇನೆ. ಏಳು ಮಕ್ಕಳು, ಆರು ಮೇಜು. ಏಳನೆಯವನು ಎಷ್ಟು ಹೇಳಿದರೂ ನೆಲದ ಮೇಲೆಯೇ ಕೂರುತ್ತಾನೆ. ಪಾಠ ಮಾಡುವುದು ನನ್ನ ಅರ್ಧ ಕೆಲಸ, ಉಳಿದರ್ಧ ಬರೆಯುವುದು. ಪ್ರತಿ ಮಗುವಿಗೂ ವರ್ಷಕ್ಕೊಂದು ಯೋಜನೆ, ಯೋಜನೆಯಲ್ಲಿ ಐದು ಗುರಿ. ಗುರಿಯನ್ನು ಮನಸ್ಸಿಗೆ ಬಂದಂತೆ ಬರೆಯುವ ಹಾಗಿಲ್ಲ, ಅದು ಅಳತೆಗೆ ಸಿಗಬೇಕು. 'ಮಗು ಚೆನ್ನಾಗಿ ಊಟ ಮಾಡಲಿ' ಎಂಬುದು ಹಾರೈಕೆ. 'ಚಮಚವನ್ನು ಚೆಲ್ಲದೆ ಹತ್ತರಲ್ಲಿ ಎಂಟು ಸಲ ಬಾಯಿಗೆ ತಲುಪಿಸುವುದು' ಎಂಬುದು ಗುರಿ. ಎಂಟು ಮುಟ್ಟಿದರೆ ಎದುರಿನ ಖಾನೆಯಲ್ಲಿ 'ಸಾಧಿಸಿದೆ' ಎಂದು ಬರೆಯುತ್ತೇನೆ, ಏಳಾದರೆ 'ಇನ್ನೂ ಇಲ್ಲ'. ನಮ್ಮ ಮನೆಯವರಿಗೆ ಇದೊಂದು ತಮಾಷೆ. "ನಿನ್ನ ಮಾತನ್ನ ನಾನು ಹತ್ತರಲ್ಲಿ ಎಷ್ಟು ಸಲ ಕೇಳ್ತೀನಿ?" ಎಂದು ಆಗಾಗ ವಿಚಾರಿಸುತ್ತಾರೆ. ಎರಡು ಸಲ ಕೇಳುತ್ತಾರೆ, ಅದೂ ಹಸಿವಾದಾಗ.

'ಸಾಧಿಸಿದೆ' ಎಂದು ಬರೆಯುವಾಗ ನನಗಾಗುವ ಖುಷಿ ಅಷ್ಟಿಷ್ಟಲ್ಲ. ವರ್ಷವಿಡೀ ಬೆವರು ಹರಿಸಿ ಮೂರರಿಂದ ನಾಲ್ಕಕ್ಕೆ ಬರುವ ಮಕ್ಕಳ ನಡುವೆ ಆ ಪದ ಬರೆಯುವ ಭಾಗ್ಯ ಎಷ್ಟು ಸಲ ಬಂದೀತು? ಬೆನ್ನು ತಟ್ಟುವವರಿಲ್ಲದ ಕೆಲಸ ನಮ್ಮದು. ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳಬೇಕು, ನಾನು ಸ್ವಲ್ಪ ಜೋರಾಗಿಯೇ ತಟ್ಟಿಕೊಳ್ಳುತ್ತಿದ್ದೆ.

ಹುಡುಗಿಗೆ ಆಗ ಹನ್ನೊಂದು ವರ್ಷ. ಹುಟ್ಟಿನಿಂದಲೇ ಅವಳ ಏಳನೆಯ ವರ್ಣತಂತುವಿನಲ್ಲಿ ಒಂದು ಸಣ್ಣ ಚೂರು ಇಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ದುಡಿಯುವ ಅವಳ ಅಮ್ಮ, ಮೊದಲ ಸಲ ಶಾಲೆಗೆ ಬಂದಾಗ ನನಗೆ ಅದನ್ನು ಹೀಗೆ ವಿವರಿಸಿದ್ದಳು.

"ದಪ್ಪ ಪುಸ್ತಕದಲ್ಲಿ ಒಂದೇ ಒಂದು ಹಾಳೆ ಇಲ್ಲ ಅಂದ್ರು ಡಾಕ್ಟ್ರು. ಒಂದೇ ಹಾಳೆ ತಾನೇ ಅಂದ್ಕೊಂಡು ಖುಷಿಯಾಗಿ ಮನೆಗೆ ಬಂದೆ ಟೀಚರ್. ಆ ಹಾಳೆಯಲ್ಲಿ ಏನಿತ್ತು ಅಂತ ಕೇಳ್ಳೇ ಇಲ್ಲ."

ಆ ಹಾಳೆಯಲ್ಲಿ ಬಹಳವೇ ಇತ್ತು. ಹುಡುಗಿಯ ಹೃದಯದ ರಕ್ತನಾಳ ಕಿರಿದು, ಜೋರಾಗಿ ಓಡುವಂತಿಲ್ಲ. ಮೆಟ್ಟಿಲು ಎಷ್ಟು ಆಳಕ್ಕಿದೆ ಎಂದು ಕಾಲಿಗೆ ತಿಳಿಯುವುದಿಲ್ಲ. ಹನ್ನೆರಡರಾಚೆ ಎಣಿಕೆ ಹತ್ತುವುದಿಲ್ಲ. ಶಾಲೆಯ ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗುತ್ತಾಳೆ. ಆದರೆ ಮಾತು! ಅರಳು ಹುರಿದಂತೆ ಮಾತು. ಓದುವುದೂ ಅಷ್ಟೇ, ಕೈಗೆ ಸಿಕ್ಕಿದ ಕಾಗದವನ್ನು ಗಟ್ಟಿಯಾಗಿ, ರಾಗವಾಗಿ, ಪೂರ್ಣವಿರಾಮಕ್ಕೆ ನಿಂತು ಓದುತ್ತಾಳೆ. ಓದಿದ್ದು ತಲೆಗೆ ಎಷ್ಟು ಹೋಯಿತು ಎಂದು ಯಾರೂ ಕೇಳುವುದಿಲ್ಲ, ಕೇಳುವಷ್ಟರಲ್ಲಿ ಅವಳು ನಿಮ್ಮ ಮನೆಯವರ ಆರೋಗ್ಯ ವಿಚಾರಿಸುತ್ತಿರುತ್ತಾಳೆ. ಆರನೆಯ ವಯಸ್ಸಿನಲ್ಲಿ ತನ್ನದೇ ಯೋಜನೆಯ ಸಭೆಗೆ ಬಂದು, ಮೇಜಿನ ಸುತ್ತ ಕೂತವರ ಕೈಯನ್ನೆಲ್ಲ ಕುಲುಕಿ, "ಎಲ್ರೂ ಬಂದ್ರಾ? ಶುರು ಮಾಡೋಣ್ವಾ?" ಎಂದಿದ್ದಳು. ಅವತ್ತಿನಿಂದ ಶಾಲೆಯಲ್ಲಿ ಅವಳ ಹೆಸರು ಅಧ್ಯಕ್ಷೆ.

ಮನುಷ್ಯರೆಂದರೆ ಅವಳಿಗೆ ಪ್ರಾಣ. ಅಪರಿಚಿತರು ಎಂಬ ಜಾತಿಯೇ ಅವಳ ಲೋಕದಲ್ಲಿಲ್ಲ. ನೋಡುವವರು "ಎಷ್ಟು ಒಳ್ಳೇ ಮಗು" ಎನ್ನುತ್ತಾರೆ. ಅದು ಒಳ್ಳೆಯತನವಲ್ಲ, ಇಲ್ಲದ ಆ ಚೂರಿನ ಫಲ. ಉಳಿದ ಮಕ್ಕಳಿಗೆ ಭಯವಾಗುವಲ್ಲಿ ಇವಳಿಗೆ ಪ್ರೀತಿ ಉಕ್ಕುತ್ತದೆ. ಶಾಲೆಗೆ ಸೇರಿದ ಮೊದಲ ವರ್ಷ ಮೂರು ಸಲ ಕೈತಪ್ಪಿ ಹೋಗಿದ್ದಳು. ಒಮ್ಮೆ ಗೇಟಿನ ಹೊರಗೆ ನಿಂತಿದ್ದ ಯಾರದೋ ಕಾರಿನೊಳಗೆ ಬೆಲ್ಟ್ ಹಾಕಿಕೊಂಡು ಕೂತಿದ್ದಳು. ಒಮ್ಮೆ ಬಸ್ ನಿಲ್ದಾಣದಲ್ಲಿ ಕುಡಿದು ಮಲಗಿದ್ದವನ ತಲೆ ಸವರುತ್ತಿದ್ದಳು. ಇನ್ನೊಮ್ಮೆ ದೊಡ್ಡ ಕನ್ನಡಿ ಹೊತ್ತು ಹೋಗುತ್ತಿದ್ದವನ ಹಿಂದೆ, ಕನ್ನಡಿಗೆ ಒಂದು ಕೈ ಕೊಟ್ಟು, ಮೂರು ಬೀದಿ ದಾಟಿದ್ದಳು. ಮೂರು ಸಲವೂ ಎದುರಿಗೆ ಸಿಕ್ಕವರು ಒಳ್ಳೆಯವರಾಗಿದ್ದರು ಎಂಬುದಷ್ಟೇ ನಮ್ಮ ಪುಣ್ಯ.

ಮೂರನೆಯ ಸಲದ ನಂತರ ಕಚೇರಿ ಒಬ್ಬ ಸಹಾಯಕಿಯನ್ನು ಕೊಟ್ಟಿತು. ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಹೆಂಗಸು, ಎತ್ತರ, ಗಾತ್ರ, ಗಂಟಲು ಎಲ್ಲವೂ ದೊಡ್ಡದೇ. ಅಧ್ಯಕ್ಷೆ ಅವಳನ್ನು ಮೊದಲ ದಿನವೇ ದೊಡ್ಡಮ್ಮ ಎಂದು ಕರೆದಳು, ಆಮೇಲೆ ನಾವೆಲ್ಲರೂ ಹಾಗೆಯೇ ಕರೆದೆವು. ದೊಡ್ಡಮ್ಮನ ಎಡಗೈ ಸದಾ ಹುಡುಗಿಯ ಬ್ಯಾಗಿನ ಪಟ್ಟಿಯ ಮೇಲೆ. ಬೆಳಿಗ್ಗೆ ಮನೆಬಾಗಿಲಿನಿಂದ ಶಾಲೆಗೆ, ತರಗತಿಯಿಂದ ಊಟಕ್ಕೆ, ಶೌಚಾಲಯಕ್ಕೆ, ಸಂಜೆ ಮತ್ತೆ ಮನೆಗೆ. ನೋಡಿದವರಿಗೆ ಅವಳು ಏನೂ ಮಾಡುತ್ತಿಲ್ಲ ಎನಿಸುತ್ತಿತ್ತು. ಐದು ವರ್ಷ ಏನೂ ಆಗಲಿಲ್ಲ, ಅವಳು ಮಾಡಿದ್ದು ಅದನ್ನೇ. ಆದರೆ 'ಏನೂ ಆಗಲಿಲ್ಲ' ಎಂದು ಬರೆಯುವುದಕ್ಕೆ ನಮ್ಮ ಯಾವ ಫಾರಮ್ಮಿನಲ್ಲೂ ಖಾನೆಯಿಲ್ಲ.

ಆ ವರ್ಷದ ಯೋಜನೆಯಲ್ಲಿ ಮೂರನೆಯ ಗುರಿ ಹೀಗಿತ್ತು: 'ಅಪರಿಚಿತರೊಂದಿಗೆ ಹೋಗಬಾರದು ಎಂಬ ನಿಯಮವನ್ನು, ಕೇಳಿದಾಗ, ಹತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳುವಳು.' ಬರೆದವಳು ನಾನೇ. ಹೋಗದೇ ಇರುವುದನ್ನು ಅಳೆಯುವುದು ಹೇಗೆ? ಹೇಳುವುದನ್ನಾದರೆ ಅಳೆಯಬಹುದು. ಅದಕ್ಕೊಂದು ಹಾಡು ಕಟ್ಟಿದೆ, ಚಿತ್ರ ಬರೆದೆ, ನಾಟಕ ಆಡಿಸಿದೆ. ಅವಳಿಗೆ ಹಾಡೆಂದರೆ ಎಲ್ಲಿಲ್ಲದ ಆಸೆ, ಒಂದೇ ವಾರದಲ್ಲಿ ಬಾಯಿಪಾಠವಾಯಿತು. "ಗುರುತಿಲ್ಲದವರು ಕರೆದರೆ ಏನು ಮಾಡ್ಬೇಕು?" ಎಂದರೆ ಸಾಕು, "ಬರಲ್ಲ ಅನ್ಬೇಕು, ಹಿಂದೆ ಸರೀಬೇಕು, ದೊಡ್ಡವರಿಗೆ ಹೇಳ್ಬೇಕು" ಎಂದು ಬೆರಳು ಮಡಿಚುತ್ತ ಹೇಳುತ್ತಿದ್ದಳು. ಹತ್ತಕ್ಕೆ ಹತ್ತು. ನಾನು ಹಿಂದೆಮುಂದೆ ನೋಡದೆ ದೊಡ್ಡ ಅಕ್ಷರದಲ್ಲಿ 'ಸಾಧಿಸಿದೆ' ಎಂದು ಬರೆದು ವರದಿಯನ್ನು ಕಚೇರಿಗೆ ಕಳಿಸಿದೆ.

ಆರು ವಾರಕ್ಕೆ ಸರಿಯಾಗಿ ಹುಡುಗಿಯ ಅಮ್ಮ ನನ್ನ ಕೋಣೆಗೆ ಬಂದಳು. ಕೆಲಸದಿಂದ ನೇರ ಬಂದಿದ್ದಳು, ಉಗಿಗೆ ಮುಖ ಕೆಂಪಾಗಿತ್ತು. ಕೈಯಲ್ಲಿ ಕಾಗದ. ಮಕ್ಕಳು ಊಟಕ್ಕೆ ಹೋಗಿದ್ದರು.

"ಓದಿ ಟೀಚರ್. ನಾನು ನಾಲ್ಕು ಸಲ ಓದ್ದೆ. ನಂಗೇನಾದ್ರೂ ತಪ್ಪಾಗಿ ಕಾಣ್ತಿದೆಯಾ ಅಂತ ನೀವೇ ಹೇಳಿ."

ತಪ್ಪಾಗಿ ಕಂಡಿರಲಿಲ್ಲ. ಸುರಕ್ಷತೆಯ ಗುರಿಯನ್ನು ವಿದ್ಯಾರ್ಥಿನಿ ಸಾಧಿಸಿರುವುದರಿಂದ ಮುಂದಿನ ಅವಧಿಯಿಂದ ಸಹಾಯಕಿಯ ಅಗತ್ಯವಿಲ್ಲ ಎಂದಿತ್ತು. ಕೆಳಗೆ, ಅಭಿನಂದನೆಗಳು ಎಂದೂ ಇತ್ತು.

"ನೀವೇ ಬರೆದಿದ್ದಂತಲ್ಲ?" ಎಂದಳು. ಜಗಳದ ದನಿಯಲ್ಲ. ಜಗಳವಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

"ನಾನು ಬರೆದಿದ್ದು ಹಾಡು ಹೇಳ್ತಾಳೆ ಅಂತ," ಎಂದೆ. "ಹೋಗಲ್ಲ ಅಂತ ಬರೆದಿಲ್ಲ."

"ಅವರಿಗೆ ಎರಡೂ ಒಂದೇ ತಾನೇ?"

ಎರಡೂ ಒಂದೇ. ಬರೆಯುವಾಗ ನನಗೂ ಎರಡೂ ಒಂದೇ ಆಗಿತ್ತು, ಇಲ್ಲದಿದ್ದರೆ ಅಷ್ಟು ಖುಷಿಯಿಂದ ಬರೆಯುತ್ತಿದ್ದೆನೇ? ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಅಮ್ಮ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತು ತನ್ನ ಲೆಕ್ಕಾಚಾರವನ್ನು ಹೇಳಿದಳು. ಅಪ್ಪ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ತಾನು ಬೆಳಿಗ್ಗೆ ಏಳಕ್ಕೇ ಅಂಗಡಿಯಲ್ಲಿರಬೇಕು. ಶಾಲೆಗೂ ಮನೆಗೂ ನಡುವೆ ಹನ್ನೊಂದು ನಿಮಿಷದ ದಾರಿ. "ಹನ್ನೊಂದು ನಿಮಿಷದಲ್ಲಿ ಅವಳು ಎಷ್ಟು ಜನರನ್ನ ಮಾತಾಡಿಸ್ತಾಳೆ ಗೊತ್ತಾ ಟೀಚರ್? ಅದ್ರಲ್ಲಿ ಒಬ್ಬ, ಒಬ್ಬನೇ ಒಬ್ಬ ಕೆಟ್ಟೋನಿದ್ರೆ ಸಾಕು."

ಕಳಿಸಿದ ವರದಿಯನ್ನು ತಿದ್ದುವ ಹಾಗಿಲ್ಲ. ಮರುಪರೀಕ್ಷೆ ಕೇಳಬಹುದು, ಅದೂ ಒಂದೇ ಸಲ. ಕೇಳಿದೆವು. ಮೂರು ವಾರ ಬಿಟ್ಟು ಒಂದು ಗುರುವಾರ ಅಧಿಕಾರಿ ಬರುತ್ತಾರೆ ಎಂದು ಉತ್ತರ ಬಂತು.

ಈಗ ನಾನು ಮಾಡಿದ ಎರಡನೆಯ ತಪ್ಪನ್ನೂ ಹೇಳಿಬಿಡಬೇಕು. ಇಪ್ಪತ್ತೆರಡು ವರ್ಷ ಮಕ್ಕಳ ಬಾಯಿಂದ ಉತ್ತರ ಹೊರಡಿಸಲು ಹೆಣಗಿದವಳು, ಆ ಮೂರು ವಾರ ಒಂದು ಮಗುವಿನ ಬಾಯಿ ಮುಚ್ಚಿಸಲು ಹೆಣಗಿದೆ. 'ಸುಮ್ಮನಿರೋ ಆಟ' ಎಂದು ಹೆಸರಿಟ್ಟೆ. ನಾನು ಪ್ರಶ್ನೆ ಕೇಳಬೇಕು, ಗೊತ್ತಿದ್ದರೂ ಅವಳು ಉತ್ತರ ಹೇಳಬಾರದು. ಅಮ್ಮ ಮನೆಯಲ್ಲೂ ಆಡಿಸಿದಳು. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲೇ ನಗುತ್ತ, ಮೈಯೆಲ್ಲ ಬಿಗಿಹಿಡಿದು ಕೂರುತ್ತಿದ್ದಳು. ಅತಿ ಹೆಚ್ಚೆಂದರೆ ನಲವತ್ತು ಸೆಕೆಂಡು. ಆಮೇಲೆ, "ಟೀಚರ್, ಪಾಪ ನೀವು ಕೇಳಿ ಕೇಳಿ ಸುಸ್ತಾಗಿದೀರಿ, ಹೇಳ್ಬಿಡ್ತೀನಿ" ಎನ್ನುತ್ತಿದ್ದಳು.

ದೊಡ್ಡಮ್ಮ ಇದನ್ನು ಒಂದು ವಾರ ನೋಡಿದಳು. "ಟೀಚರಮ್ಮ, ಇವಳ ಬಾಯಿಗೆ ಬೀಗ ಹಾಕೋ ಬದಲು ಗೇಟ್ ಹತ್ರ ಕರ್ಕೊಂಡ್ಹೋಗಿ ತೋರಿಸಿ," ಎಂದಳು. "ನನ್ನ ಕೈ ತೆಗೀತೀನಿ, ಯಾರಾದ್ರೂ ಗುರುತಿಲ್ಲದೋರು ಕರೀಲಿ. ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ ಅವರಿಗೆ." ಅದು ಸರಿಯೆನಿಸಿತು. ಅಂಗಡಿಯಲ್ಲಿ ಹೊಸದಾಗಿ ಸೇರಿದ್ದ, ಹುಡುಗಿ ಎಂದೂ ನೋಡಿರದ ಒಬ್ಬ ಇಸ್ತ್ರಿಯವನನ್ನು ಅಮ್ಮ ಒಪ್ಪಿಸಿದಳು. ನಾನು ಸುಮ್ಮನಿರುವ ಆಟವನ್ನೂ ಬಿಡಲಿಲ್ಲ.

ಗುರುವಾರ ಅಧಿಕಾರಿ ಬಂದರು. ನನ್ನಷ್ಟೇ ವಯಸ್ಸಿನ ಹೆಂಗಸು, ಕಾಲು ನೋವಿನವರು, ಮಹಡಿ ಹತ್ತಿ ಬಂದು ಒಂದು ನಿಮಿಷ ಬಾಗಿಲ ಚೌಕಟ್ಟು ಹಿಡಿದು ನಿಂತರು. ಆ ವಾರ ಅದು ಅವರ ಒಂಬತ್ತನೆಯ ಶಾಲೆಯಂತೆ. ನಾನು ಹಲ್ಲು ಮಸೆದುಕೊಂಡು ಕಾದಿದ್ದೆ, ಅವರನ್ನು ನೋಡಿದ ಮೇಲೆ ಅಷ್ಟು ಸಿಟ್ಟು ಉಳಿಯಲಿಲ್ಲ. ಅಧ್ಯಕ್ಷೆ ಎದ್ದು ತನ್ನ ಕುರ್ಚಿಯನ್ನೇ ಎಳೆದು ತಂದು ಕೊಟ್ಟಳು.

"ಕೂತ್ಕೊಳ್ಳಿ ಮೇಡಂ. ಕಾಲು ನೋಯ್ತಿದೆಯಾ? ನಮ್ಮಮ್ಮಂಗೂ ನೋಯುತ್ತೆ. ನೀರು ಕುಡೀತೀರಾ?"

ಅಧಿಕಾರಿಯ ಮುಖ ಅರಳಿತು. ಅರಳದವರನ್ನು ನಾನು ಇನ್ನೂ ನೋಡಿಲ್ಲ.

ಪ್ರಶ್ನೆಗಳು ಶುರುವಾದವು. ನಿನ್ನ ವಿಳಾಸ ಏನು? ಕಳೆದುಹೋದರೆ ಯಾರನ್ನು ಕೇಳುತ್ತೀಯ? ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಗೋಡೆಯ ಗಡಿಯಾರದ ಮುಳ್ಳು ಅರ್ಧ ಸುತ್ತು ಹೋಯಿತು. ಅಷ್ಟರಲ್ಲಿ ಅವಳು ಕೈ ತೆಗೆದಳು.

"ಮೇಡಂ, ಟೀಚರು ಇವತ್ತು ಉತ್ತರ ಹೇಳ್ಬೇಡ ಅಂದಿದಾರೆ. ಸುಮ್ಮನಿರೋ ಆಟ. ಆದ್ರೆ ನೀವು ಪಾಪ ಅಷ್ಟು ದೂರದಿಂದ ಬಂದಿದೀರಿ, ಹೇಗೆ ಸುಮ್ನಿರೋದು?"

ನಂತರ ಎಲ್ಲವನ್ನೂ ಹೇಳಿದಳು. ವಿಳಾಸ, ಅಮ್ಮನ ಅಂಗಡಿಯ ಹೆಸರು, ಬರಲ್ಲ ಅನ್ಬೇಕು, ಹಿಂದೆ ಸರೀಬೇಕು, ದೊಡ್ಡವರಿಗೆ ಹೇಳ್ಬೇಕು. ಕೇಳದಿದ್ದರೂ ಹಾಡನ್ನೂ ಹಾಡಿದಳು. ಅಧಿಕಾರಿ ಬರೆದುಕೊಳ್ಳುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಅಮ್ಮ ತಲೆ ತಗ್ಗಿಸಿ ತನ್ನ ಅಂಗೈಯ ಸುಟ್ಟ ಗುರುತನ್ನು ಉಜ್ಜುತ್ತ ಕೂತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಆದರೂ ಮಾನ ಬಿಟ್ಟು ಕೇಳಿದೆ. "ಮೇಡಂ, ನಾನು ಮಾಡಿದ್ದು ತಪ್ಪು. ನನ್ನ ಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ. ಒಂದ್ಸಲ ಗೇಟಿನ ತನಕ ಬನ್ನಿ. ಹೇಳೋದು ಬೇರೆ, ಮಾಡೋದು ಬೇರೆ."

ಅವರು ಗಡಿಯಾರ ನೋಡಿದರು, ಕಾಲು ನೋಡಿಕೊಂಡರು, ಎದ್ದರು. ಆ ಮಟ್ಟಿಗೆ ಒಳ್ಳೆಯವರು.

ಮೆಟ್ಟಿಲಿಳಿಯುವಾಗ ಹುಡುಗಿ ಅಧಿಕಾರಿಯ ಕೈ ಹಿಡಿದಳು. ಇವಳಿಗೆ ಮೆಟ್ಟಿಲಿನ ಭಯ, ಅವರಿಗೆ ಕಾಲುನೋವು, ಇಬ್ಬರೂ ಒಬ್ಬರನ್ನೊಬ್ಬರು ಆನಿಸಿಕೊಂಡು ಇಳಿದರು. ಗೇಟಿನ ಹತ್ತಿರ ದೊಡ್ಡಮ್ಮ ಬ್ಯಾಗಿನ ಪಟ್ಟಿಯಿಂದ ಕೈ ತೆಗೆದು ಐದು ಹೆಜ್ಜೆ ಹಿಂದೆ ಸರಿದಳು. ಅಮ್ಮ ಕಂಬದ ಮರೆಗೆ ಹೋದಳು. ಹೇಳಿಕೊಟ್ಟಂತೆ ಇಸ್ತ್ರಿಯವನು ರಸ್ತೆಯಾಚೆಯಿಂದ ಬಂದ. ಪಾಪ, ಅವನಿಗೂ ಬೆವರು.

"ಬಾ ಮಗು, ನಮ್ಮನೇಲಿ ನಾಯಿಮರಿ ಇದೆ, ತೋರಿಸ್ತೀನಿ."

ಹುಡುಗಿಯ ಮುಖ ಬೆಳಗಿತು. ಒಂದು ಹೆಜ್ಜೆ ಮುಂದೆ ಇಟ್ಟಳು ಕೂಡ. ಆದರೆ ಕೈ ಅಧಿಕಾರಿಯ ಕೈಯಲ್ಲಿತ್ತು. ಹೊಸಬರನ್ನು ಸಿಕ್ಕ ನಲವತ್ತು ನಿಮಿಷಕ್ಕೇ ಬಿಟ್ಟು ಹೋಗುವುದು ಅವಳಿಂದಾದೀತೇ?

"ಇವತ್ತು ಬರಕ್ಕಾಗಲ್ಲ ಅಂಕಲ್. ಇವರು ನನ್ನ ಫ್ರೆಂಡು, ಇವರಿಗೆ ಕಾಲು ನೋವು. ನಾಳೆ ಬರ್ತೀನಿ. ನಾಳೆ ಇಲ್ಲೇ ನಿಂತಿರಿ, ಆಯ್ತಾ?"

ಅಧಿಕಾರಿ ತಮ್ಮ ಹಾಳೆಯಲ್ಲಿ ಬರೆದುಕೊಂಡರು. ನಾನು ಪಕ್ಕದಿಂದ ಓದಿದೆ. 'ನಿರಾಕರಿಸಿದಳು.'

"ನಾಳೆ ಬರ್ತೀನಿ ಅಂದ್ಲಲ್ಲ ಮೇಡಂ!" ಎಂದೆ.

"ಇವತ್ತು ಹೋಗ್ಲಿಲ್ಲ."

"ನಿಮ್ಮ ಕೈ ಹಿಡ್ಕೊಂಡು ಬಂದಿದಾಳೆ. ನಿಮ್ಮನ್ನ ಅವಳು ನೋಡಿದ್ದೇ ಇವತ್ತು. ನೀವು ಕರೆದ್ರೆ ನಿಮ್ಮ ಜೊತೆ ಕಾರು ಹತ್ತಿ ಬರ್ತಾಳೆ. ನೀವ್ಯಾರು ಅವಳಿಗೆ?"

"ನಾನು ಅಧಿಕಾರಿ," ಎಂದರು. ಹೇಳುವಾಗಲೇ ಅವರಿಗೆ ಏನೋ ಹೊಳೆದಿರಬೇಕು, ತಮ್ಮ ಕೈಯಲ್ಲಿದ್ದ ಆ ಪುಟ್ಟ ಕೈಯನ್ನು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ ಟೀಚರ್, ಕಂಡಿದ್ದನ್ನ ಮಾತ್ರ ನಾನು ಬರೀಬೋದು. ಸುರಕ್ಷತೆಯ ಗುರಿ ಮುಗೀತು, ಅದನ್ನ ನಾನು ತೆಗೆಯಕ್ಕಾಗಲ್ಲ. ಆದ್ರೆ ನಿಮ್ಮ ಐದನೇ ಗುರಿ, ಬಟ್ಟೆ ಗುಂಡಿ ಹಾಕ್ಕೊಳ್ಳೋದು, ಅದಿನ್ನೂ ಬಾಕಿ ಇದೆ ಅಲ್ವಾ? ಅದು ಬಾಕಿ ಇರೋವರೆಗೂ ಶೌಚಾಲಯಕ್ಕೆ ಒಬ್ಬರು ಜೊತೇಲಿ ಬೇಕೇ ಬೇಕು. ಹಾಗಂತ ಬರೀತೀನಿ. ಇದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಅವರ ಕೈಲಿದ್ದಷ್ಟನ್ನು ಅವರು ಮಾಡಿದರು. ಹೊರಡುವಾಗ ಹುಡುಗಿ ಕಾರಿನ ಕಿಟಕಿಗೆ ಮುಖ ಇಟ್ಟು, "ನಿಮಗೋಸ್ಕರ ನಾನೇನು ಮಾಡ್ಲಿ ಮೇಡಂ?" ಎಂದು ಕೇಳಿದಳು. ಅವಳು ಎಲ್ಲರನ್ನೂ ಹಾಗೆ ಕೇಳುತ್ತಾಳೆ. ಅವರು ಮಕ್ಕಳಿಗೆ ದೊಡ್ಡವರು ಹೇಳುವಂತೆ ಏನೋ ಒಂದು ಹೇಳಿದರು.

"ಜಾಣೆ ಥರ ಬೇಗ ಗುಂಡಿ ಹಾಕೋದು ಕಲಿ, ಆಯ್ತಾ?"

"ಆಯ್ತು," ಎಂದಳು ಹುಡುಗಿ.

ಹತ್ತು ದಿನಕ್ಕೆ ಪತ್ರ ಬಂತು. ಐದನೆಯ ಗುರಿ ಈಡೇರುವವರೆಗೆ ಸಹಾಯಕಿ ಮುಂದುವರಿಯಬಹುದು, ಪ್ರತಿ ಅವಧಿಯ ಕೊನೆಗೆ ವರದಿ ಕಳಿಸತಕ್ಕದ್ದು. ಅಮ್ಮ, ದೊಡ್ಡಮ್ಮ, ನಾನು ಮೂವರೂ ಮೆಟ್ಟಿಲ ಮೇಲೆ ಕೂತು ಅದನ್ನು ಓದಿ ನಿಟ್ಟುಸಿರು ಬಿಟ್ಟೆವು. ಗುಂಡಿಯ ವಿಷಯದಲ್ಲಿ ನಮಗೆ ಚಿಂತೆಯಿರಲಿಲ್ಲ. ಯಾವುದು ಎಡ, ಯಾವುದು ಬಲ, ಯಾವುದು ಯಾವುದರ ಕೆಳಗಿನಿಂದ ತೂರಬೇಕು ಎಂಬುದು ಅವಳ ಕಣ್ಣಿಗೂ ಬೆರಳಿಗೂ ಹೊಂದುವುದೇ ಇಲ್ಲ. ನಾಲ್ಕು ವರ್ಷದಿಂದ ಕಲಿಸುತ್ತಿದ್ದೆ, ಹತ್ತರಲ್ಲಿ ಎರಡರ ಮೇಲೆ ಹೋಗಿರಲಿಲ್ಲ.

"ಟೀಚರ್, ಒಂದು ಮಾತು," ಎಂದಳು ಅಮ್ಮ. "ನಿಮಗೆ ಕೈ ಮುಗೀತೀನಿ. ಗುಂಡಿ ಹಾಕೋದು ಕಲಿಸ್ಬೇಡಿ."

ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ತಾಯಂದಿರು ನನ್ನೆದುರು ಅತ್ತಿದ್ದಾರೆ, ಕೂಗಾಡಿದ್ದಾರೆ, ಇನ್ನೂ ಕಲಿಸಿ ಎಂದು ಪೀಡಿಸಿದ್ದಾರೆ. ಕಲಿಸಬೇಡಿ ಎಂದು ಯಾರೂ ಕೇಳಿರಲಿಲ್ಲ. ಆಗಲಿ ಎಂದೆ. ಅವತ್ತೇ ಗುಂಡಿಗಳ ಅಭ್ಯಾಸದ ಹಲಗೆಯನ್ನು ಬೀರುವಿನ ಮೇಲೆ ಎತ್ತಿಟ್ಟೆ.

ಅವಧಿ ಮುಗಿಯುವ ವಾರ, ವರದಿಗಾಗಿ ಅವಳನ್ನು ಕೂರಿಸಿಕೊಂಡೆ. ನಿಯಮದಂತೆ ಹತ್ತು ಸಲ ಪರೀಕ್ಷಿಸಬೇಕು. ಮುಗಿಸಿಬಿಡೋಣ ಎಂಬ ಅವಸರದಲ್ಲಿದ್ದೆ. ಉಳಿದ ಮಕ್ಕಳು ಅಂಗಳದಲ್ಲಿದ್ದರು. ದೊಡ್ಡಮ್ಮ ಕಿಟಕಿಯ ಬಳಿ ಕೂತು ಮಗುವಿನ ಪೆನ್ಸಿಲ್ ಕೆತ್ತುತ್ತಿದ್ದಳು. ಅಧ್ಯಕ್ಷೆಗೆ ಐದು ಗುಂಡಿಯ ನೀಲಿ ಸ್ವೆಟರ್ ಕೊಟ್ಟು, "ಹಾಕ್ಕೋ ನೋಡೋಣ," ಎಂದೆ.

ಅವಳು ನಾಲಿಗೆಯನ್ನು ತುಟಿಯಂಚಿಗೆ ಕಚ್ಚಿ ಹಿಡಿದು ಕೆಳಗಿನ ಗುಂಡಿಯಿಂದ ಶುರು ಮಾಡಿದಳು. ನಾನು ಎಂದೂ ಕೆಳಗಿನಿಂದ ಕಲಿಸಿರಲಿಲ್ಲ. ಗುಂಡಿಯನ್ನು ನೋಡದೆ, ಕಣ್ಣು ಮುಚ್ಚಿ, ತಡವಿ ತಡವಿ ತೂತು ಹುಡುಕಿ ಒಳಗೆ ತೂರಿಸಿದಳು. ಒಂದು. ಎರಡು. ಮೂರು. ಐದಕ್ಕೂ ಸುಮಾರು ನಾಲ್ಕು ನಿಮಿಷ ಹಿಡಿಯಿತು. ಕಣ್ಣು ತೆರೆದು ಕೆಳಗೆ ನೋಡಿಕೊಂಡಳು. ಎಲ್ಲವೂ ಸರಿಯಾಗಿದ್ದವು.

"ಯಾರು ಹೇಳ್ಕೊಟ್ರು?" ಎಂದೆ.

"ಯಾರೂ ಇಲ್ಲ. ಹೊದಿಕೆ ಒಳಗೆ ಮಲಗಿಕೊಂಡು ಕಲಿತೆ. ದಿನಾ. ಕತ್ತಲಲ್ಲಿ ಬೇಗ ಬರುತ್ತೆ ಟೀಚರ್, ಬೆಳಕಲ್ಲಿ ಬರಲ್ಲ. ಆ ಮೇಡಂಗೆ ಮಾತು ಕೊಟ್ಟಿದ್ದೆ ಅಲ್ವಾ?"

ಇಷ್ಟು ವರ್ಷದಲ್ಲಿ ನನಗೆ ಹೊಳೆಯದಿದ್ದ ಉಪಾಯ. ಕಣ್ಣು ಅಡ್ಡ ಬರುತ್ತಿದೆ, ಕಣ್ಣು ಮುಚ್ಚಿದರೆ ಬೆರಳೇ ಕಲಿಯುತ್ತದೆ ಎಂದು ಆ ಮಗು ತಾನೇ ಕಂಡುಕೊಂಡಿತ್ತು. ಅಪ್ಪಿಕೊಂಡು ಕುಣಿಯಬೇಕಾದ ಘಳಿಗೆ. ನಾನು ಕುರ್ಚಿಗೆ ಅಂಟಿಕೊಂಡು ಕೂತಿದ್ದೆ. ಕಿಟಕಿಯ ಬಳಿ ಪೆನ್ಸಿಲ್ ಕೆತ್ತುವ ಸದ್ದು ನಿಂತಿತ್ತು.

"ಇನ್ನೊಂದ್ಸಲ," ಎಂದೆ. ತಪ್ಪಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ತಪ್ಪಲಿಲ್ಲ. ಮೂರನೆಯ ಸಲ, ನಾಲ್ಕನೆಯ ಸಲ. ಆರನೆಯ ಸಲ ಒಂದು ಗುಂಡಿ ಮೇಲೆಕೆಳಗಾಯಿತು. ಅವಳೇ ಬಿಚ್ಚಿ ಸರಿಪಡಿಸಿಕೊಂಡಳು. ಬಿಚ್ಚುವಾಗ, ಹಾಕುವಾಗ ಉಸಿರು ಮೇಲೆಕೆಳಗಾಗಿ, ಹಣೆಯಲ್ಲಿ ಬೆವರು ಮೂಡಿ, ಪ್ರತಿ ಸಲವೂ ಮುಗಿದ ಮೇಲೆ ನನ್ನ ಮುಖ ನೋಡಿ ನಗುತ್ತಿದ್ದಳು. ಹತ್ತಕ್ಕೆ ಹತ್ತು.

ಫಾರಮ್ಮು ನನ್ನ ಮುಂದಿತ್ತು. ಹತ್ತು ಸಾಲು. ದೊಡ್ಡಮ್ಮನ ಕಡೆ ನೋಡಿದೆ. ಅವಳು ಹೊರಗೆ ಗೇಟಿನ ಕಡೆ ಮುಖ ತಿರುಗಿಸಿದ್ದಳು. ನಾನು ಪೆನ್ನು ತೆಗೆದು ಮೊದಲ ಸಾಲಿನಲ್ಲಿ 'ಇಲ್ಲ' ಎಂದು ಬರೆದೆ. ಎರಡನೆಯದರಲ್ಲೂ 'ಇಲ್ಲ'. ಕೊನೆಯದನ್ನು ಬರೆಯುವಷ್ಟರಲ್ಲಿ ಹುಡುಗಿ ನನ್ನ ಭುಜದ ಪಕ್ಕ ಬಂದು ನಿಂತಿದ್ದಳು. ಅವಳಿಗೆ ಓದಲು ಬರುತ್ತದೆ ಎಂಬುದನ್ನು ನಾನು ಮರೆತಿದ್ದೆ.

"ಇಲ್ಲ, ಇಲ್ಲ, ಇಲ್ಲ, ಇಲ್ಲ," ಎಂದು ಗಟ್ಟಿಯಾಗಿ, ಬೆರಳಿಟ್ಟು ಓದಿದಳು. "ಟೀಚರ್, ತಪ್ಪು ಬರೆದಿದೀರಿ. ನಾನು ಹಾಕ್ಕೊಂಡೆನಲ್ಲ?"

ನಿಜ ಹೇಳಿ, ಗುಟ್ಟಾಗಿಡು ಎನ್ನುವ ಹಾಗಿರಲಿಲ್ಲ. ಅವಳ ಬಾಯಲ್ಲಿ ಗುಟ್ಟು ನಲವತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳೇ ನಂಬಬೇಕಿತ್ತು. ಬೇರೆ ದಾರಿಯೇ ಉಳಿದಿರಲಿಲ್ಲ.

"ಇಲ್ಲಮ್ಮ," ಎಂದೆ. "ಸರಿಯಾಗಿ ಬಂದಿಲ್ಲ. ನಿಂಗೆ ಗುಂಡಿ ಹಾಕಕ್ಕೆ ಬರಲ್ಲ."

ಅವಳು ತಲೆ ಬಗ್ಗಿಸಿ ಸ್ವೆಟರನ್ನು ನೋಡಿಕೊಂಡಳು. ಐದು ಗುಂಡಿಗಳನ್ನೂ ಒಂದೊಂದಾಗಿ ಮುಟ್ಟಿದಳು. ಮತ್ತೆ ನನ್ನ ಮುಖ ನೋಡಿದಳು. ವಾದ ಮಾಡಲಿ, ಅಳಲಿ, ಸುಳ್ಳಿ ಎನ್ನಲಿ ಎಂದು ನಾನು ಕಾದೆ. ಯಾರು ಏನು ಹೇಳಿದರೂ ನಂಬುವ ಮಗು ಅದು, ನನ್ನನ್ನೂ ನಂಬಿತು. ಮುಖದ ನಗು ನಿಧಾನವಾಗಿ ಇಳಿಯಿತು.

"ಬೇಜಾರ್ ಮಾಡ್ಕೋಬೇಡಿ ಟೀಚರ್," ಎಂದು ನನ್ನ ಬೆನ್ನು ಸವರಿದಳು. ಆಮೇಲೆ ಐದೂ ಗುಂಡಿಗಳನ್ನು ಬಿಚ್ಚಿ, ಸ್ವೆಟರಿನ ಎರಡು ಅಂಚನ್ನೂ ಹಿಡಿದುಕೊಂಡು ಕಿಟಕಿಯ ಬಳಿ ಹೋಗಿ ನಿಂತಳು.

"ದೊಡ್ಡಮ್ಮ, ನೀನೇ ಹಾಕು. ನಂಗೆ ಬರಲ್ವಂತೆ."